ಕರ್ನಲ್ ಡ್ರೈವರಿನಲ್ಲಿ ನಾನೂರು ವಾರ್ನಿಂಗ್: ಯಾವುದಕ್ಕೆ ಮೊದಲು ಕೈ ಹಾಕಬೇಕು?

ಪ್ರಶ್ನೆ: ಸರ್, ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಎಂಬೆಡೆಡ್ ಲಿನಕ್ಸ್ ಕೆಲಸ ಮಾಡುತ್ತೇನೆ. ನಮ್ಮದೇ ಬೋರ್ಡಿಗೆ ಬರೆದ ಕ್ಯಾಮೆರಾ ಮತ್ತು ಸೆನ್ಸರ್ ಡ್ರೈವರ್‌ಗಳಿವೆ. ಈಚೆಗೆ ಅವುಗಳ ಮೇಲೆ ಸ್ಪಾರ್ಸ್, ಸ್ಮ್ಯಾಚ್ ಅನ್ನುವ ಎರಡು ಸ್ಟ್ಯಾಟಿಕ್ ಅನಾಲಿಸಿಸ್ ಟೂಲ್ (ಕೋಡನ್ನು ಓಡಿಸದೆ ಬರೀ ಓದಿ ತಪ್ಪು ಹುಡುಕುವಂಥವು) ಓಡಿಸಿದೆ. ನಾನೂರಕ್ಕೂ ಜಾಸ್ತಿ ವಾರ್ನಿಂಗ್ ಬಂತು. ರಿಲೀಸ್ ಒಳಗೆ ಅಷ್ಟನ್ನೂ ಸೊನ್ನೆಗೆ ಇಳಿಸಿ ಅಂತ ಮ್ಯಾನೇಜರ್ ಹೇಳುತ್ತಾರೆ. ಡ್ರೈವರ್ ಮೂರು ವರ್ಷದಿಂದ ಚೆನ್ನಾಗೇ ಓಡುತ್ತಿದೆ, ಇದೆಲ್ಲ ಸುಳ್ಳು ವಾರ್ನಿಂಗ್, ಟೈಮ್ ವೇಸ್ಟ್ ಅಂತ ಟೀಮಿನ ಹಿರಿಯರೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ? ಹಾಗೇ, ಇಂಥ ವಾರ್ನಿಂಗ್ ಸರಿಮಾಡುವ ಪ್ಯಾಚ್ ಕಳಿಸಿ ಮೇನ್‌ಲೈನ್ (ಎಲ್ಲರಿಗೂ ಮೂಲವಾದ ಅಧಿಕೃತ) ಕರ್ನಲ್ ಕೆಲಸಕ್ಕೆ ಕಾಲಿಡಬಹುದಾ?

ಉತ್ತರ:

ಇಬ್ಬರದೂ ಅರ್ಧ ಸರಿ. ಆದರೆ ಇಬ್ಬರ ಮಾತನ್ನೂ ಹಾಗೇ ಪಾಲಿಸಬೇಡಿ. ಎರಡರಲ್ಲಿ ಯಾವುದು ಜಾಸ್ತಿ ಅಪಾಯ ಅಂತ ಕೇಳಿದರೆ ಮ್ಯಾನೇಜರ್ ಮಾತೇ ಅನ್ನುತ್ತೇನೆ. ಹಿರಿಯರ ಮಾತು ಕೇಳಿದರೆ ಇರುವ ಬಗ್ ಇದ್ದಲ್ಲೇ ಇರುತ್ತದೆ, ಅಷ್ಟೇ. ಸೊನ್ನೆ ಮಾಡಲು ಹೊರಟರೆ ಇಲ್ಲದ ಬಗ್ ಹೊಸದಾಗಿ ಬಂದು ಸೇರುತ್ತದೆ, ಇದ್ದ ಬಗ್ಗಿನ ಮೇಲೆ ಮಣ್ಣು ಮುಚ್ಚಿದ ಹಾಗೂ ಆಗುತ್ತದೆ. ಹೇಗೆ ಅಂತ ತೋರಿಸುತ್ತೇನೆ.

ನಿಮ್ಮ ಡ್ರೈವರಿನ ಪ್ರೋಬ್ ಫಂಕ್ಷನ್, ಅಂದರೆ ಡಿವೈಸ್ ಸಿಕ್ಕಾಗ ಅದನ್ನು ಸಿದ್ಧಮಾಡುವ ಫಂಕ್ಷನ್, ತೆಗೆಯಿರಿ. ಮೇಲೆ 'ಇಂಟ್ ರೆಟ್' ಅಂತ ಬರೆದಿರುತ್ತದೆ, ಬೆಲೆ ಏನೂ ಕೊಟ್ಟಿರುವುದಿಲ್ಲ. ಮಧ್ಯೆ ಎಲ್ಲೋ ಒಂದು ಮೆಮರಿ ಅಲೊಕೇಶನ್ ಇದೆ. ಅದು ಫೇಲ್ ಆದರೆ ಕೆಳಗಿನ ಎರರ್ ಲೇಬಲ್ಲಿಗೆ ಗೋಟೂ. ಅಲ್ಲಿ ಹಿಂದೆ ತೆಗೆದುಕೊಂಡಿದ್ದನ್ನೆಲ್ಲ ಫ್ರೀ ಮಾಡಿ, ರೆಟ್ ಅನ್ನು ರಿಟರ್ನ್ ಮಾಡುತ್ತದೆ. ಆದರೆ ಗೋಟೂಗೆ ಮುಂಚೆ ರೆಟ್‌ಗೆ ಎರರ್ ಕೋಡ್ ಹಾಕಲು ಬರೆದವರು ಮರೆತಿದ್ದಾರೆ. ಟೂಲ್ ಬಂದು 'ರೆಟ್‌ಗೆ ಬೆಲೆಯೇ ಇಲ್ಲ' ಅನ್ನುತ್ತದೆ. ಸೊನ್ನೆಯ ಆತುರದಲ್ಲಿರುವವರು ಏನು ಮಾಡುತ್ತಾರೆ? ಮೇಲೆ ಹೋಗಿ 'ರೆಟ್ = 0' ಅಂತ ಹಾಕುತ್ತಾರೆ. ವಾರ್ನಿಂಗ್ ಮಾಯ. ಕಮಿಟ್ ಆಯಿತು.

ಈಗ ನೋಡಿ ಏನಾಯಿತು ಅಂತ. ಕರ್ನಲ್ಲಿನಲ್ಲಿ 0 ಅಂದರೆ ಯಶಸ್ಸು. ಅಲೊಕೇಶನ್ ಫೇಲ್ ಆಗಿದೆ, ಎಲ್ಲ ಫ್ರೀ ಆಗಿದೆ, ಆದರೂ ಪ್ರೋಬ್ 'ಎಲ್ಲ ಸರಿಯಿದೆ' ಅಂತ ಹೇಳಿ ಹೊರಬರುತ್ತದೆ. ಡ್ರೈವರ್ ಕೋರ್ ಅದನ್ನು ನಂಬುತ್ತದೆ, ಡಿವೈಸಿಗೆ ಡ್ರೈವರ್ ಕೂತಿದೆ ಅಂತ ಬರೆದುಕೊಳ್ಳುತ್ತದೆ. ಮುಂದೆ ಯಾವಾಗಲೋ ಸಸ್ಪೆಂಡ್ ಆದಾಗ ಅಥವಾ ಮಾಡ್ಯೂಲ್ ತೆಗೆದಾಗ ಫ್ರೀ ಆದ ಮೆಮರಿಯನ್ನು ಮುಟ್ಟಿ ಬೀಳುತ್ತದೆ. ಆಗ ಕರ್ನಲ್ ಬರೆಯುವ ಆಪ್ಸ್ (ಕ್ರ್ಯಾಶ್) ಮೆಸೇಜಿನಲ್ಲಿ ಪ್ರೋಬ್ ಹೆಸರೇ ಇರುವುದಿಲ್ಲ. ಮೊದಲು ಕಸದ ಬೆಲೆ ರಿಟರ್ನ್ ಆಗುತ್ತಿತ್ತು, ಕಂಪೈಲರ್‌ಗಾದರೂ ಅನುಮಾನ ಬರಲು ಅವಕಾಶ ಇತ್ತು. ಈಗ ಅದೂ ಇಲ್ಲ. ಸ್ಮ್ಯಾಚ್‌ನಲ್ಲಿ 'ಮಿಸ್ಸಿಂಗ್ ಎರರ್ ಕೋಡ್' ಅಂತ ಬೇರೆ ಚೆಕ್ ಇದೆ, ಅದು ಹಿಡಿದರೆ ಪುಣ್ಯ. ಸರಿಯಾದ ರಿಪೇರಿ ಒಂದೇ ಸಾಲು: ಗೋಟೂಗೆ ಮುಂಚೆ ಮೆಮರಿ ಇಲ್ಲ ಅನ್ನುವ ಎರರ್ ಕೋಡನ್ನು ರೆಟ್‌ಗೆ ಹಾಕುವುದು. ಎರಡು ರಿಪೇರಿಯಲ್ಲೂ ವಾರ್ನಿಂಗ್ ಸೊನ್ನೆಯೇ. ಮ್ಯಾನೇಜರ್ ನೋಡುವ ರಿಪೋರ್ಟಿನಲ್ಲಿ ಎರಡೂ ಒಂದೇ ಥರ ಹಸಿರಾಗಿ ಕಾಣುತ್ತವೆ.

ಇದು ಕಟ್ಟುಕತೆ ಅಲ್ಲ. ಜಿಸಿಸಿ ಕಂಪೈಲರಿನ 'ಮೇಬಿ ಅನ್‌ಇನಿಶಿಯಲೈಸ್ಡ್' (ಬೆಲೆ ಕೊಡದೆ ಬಳಸಿರಬಹುದು) ವಾರ್ನಿಂಗನ್ನು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2020ರಲ್ಲಿ ಕರ್ನಲ್ಲಿನ ಮಾಮೂಲಿ ಬಿಲ್ಡಿನಿಂದ ತೆಗೆದೇ ಹಾಕಿದರು. ಜಿಸಿಸಿ 10 ಬಂದ ಮೇಲೆ ಅದರ ಸುಳ್ಳು ಜಾಸ್ತಿಯಾಗಿ, ನಿಜವಾದ ವಾರ್ನಿಂಗ್ ಅದರಲ್ಲಿ ಮುಳುಗಿಹೋಗುತ್ತಿತ್ತು. ಕೋಡ್ ಬಗ್ಗೆ ಅಷ್ಟು ಕಟ್ಟುನಿಟ್ಟಿನ ಮನುಷ್ಯನೇ ಒಂದು ವಾರ್ನಿಂಗನ್ನು ಬೇಡ ಅಂದರು ಅಂದರೆ, ಸಂಖ್ಯೆಯನ್ನೇ ಗುರಿ ಮಾಡಿಕೊಳ್ಳುವುದು ಎಷ್ಟು ಸರಿ ಅಂತ ನಿಮ್ಮ ಮ್ಯಾನೇಜರ್‌ಗೆ ಕೇಳಬಹುದು. ಮೆತ್ತಗೆ ಕೇಳಿ.

ಹಾಗಂತ ಹಿರಿಯರು ಗೆದ್ದರು ಅಂತ ಅಲ್ಲ. 'ಮೂರು ವರ್ಷದಿಂದ ಓಡುತ್ತಿದೆ' ಅನ್ನುವುದು ಡ್ರೈವರ್ ವಿಷಯದಲ್ಲಿ ಅಷ್ಟು ಗಟ್ಟಿಯಾದ ಮಾತಲ್ಲ. ಓಡುತ್ತಿರುವುದು ಎಲ್ಲ ಸರಿಯಾದಾಗ ಹೋಗುವ ದಾರಿ ಮಾತ್ರ. ಮೆಮರಿ ಸಿಗದಿದ್ದರೆ, ಕ್ಲಾಕ್ ಬರದಿದ್ದರೆ, ಐಟುಸಿ ಬಸ್ಸಿನಲ್ಲಿ ಡಿವೈಸ್ ಉತ್ತರ ಕೊಡದಿದ್ದರೆ ಹೋಗುವ ದಾರಿಗಳಿವೆಯಲ್ಲ, ಅವು ಮೂರು ವರ್ಷದಲ್ಲಿ ಒಮ್ಮೆಯೂ ಓಡಿರಲಿಕ್ಕಿಲ್ಲ. ಟೆಸ್ಟ್ ಟೀಮ್ ಬೋರ್ಡಿನಲ್ಲಿ ಮೆಮರಿ ಖಾಲಿಯಾಗುವುದು ಯಾವಾಗ? ಕೋಡ್ ಓಡುವಾಗಲೇ ತಪ್ಪು ಹಿಡಿಯುವ ಕೇಸನ್ (ಮೆಮರಿ ತಪ್ಪು), ಲಾಕ್‌ಡೆಪ್ (ಲಾಕ್ ತಪ್ಪು), ಸಿಜ್‌ಕಾಲರ್ (ಏನೇನೋ ಇನ್‌ಪುಟ್ ಕೊಟ್ಟು ಪರೀಕ್ಷಿಸುವುದು) ಥರದವು ಬಹಳ ಒಳ್ಳೆಯ ಟೂಲ್‌ಗಳು, ನೀವು ಹಾಕಿಕೊಂಡಿಲ್ಲದಿದ್ದರೆ ಮೊದಲು ಅವನ್ನು ಹಾಕಿ. ಆದರೆ ಅವೆಲ್ಲ ಓಡಿದ ಕೋಡಿನಲ್ಲಿ ಮಾತ್ರ ಬಗ್ ಹಿಡಿಯುತ್ತವೆ. ಓಡದ ಸಾಲಿನ ಬಗ್ಗೆ ಮಾತಾಡಬಲ್ಲದ್ದು ಸ್ಟ್ಯಾಟಿಕ್ ಅನಾಲಿಸಿಸ್ ಒಂದೇ, ಅಥವಾ ಕೂತು ಓದುವ ತಾಳ್ಮೆಯಿರುವ ಮನುಷ್ಯ. ಮೂರು ಕೋಟಿ ಸಾಲಿಗೂ ಮಿಕ್ಕಿದ ಕರ್ನಲ್ಲಿಗೆ ಅಂಥ ಮನುಷ್ಯರು ಎಷ್ಟಿದ್ದರೂ ಸಾಲುವುದಿಲ್ಲ.

ಡ್ರೈವರಿನ ಮೇಲೆ ಈ ಅನುಮಾನ ಹಳೆಯದು. 2001ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಡಾಸನ್ ಎಂಗ್ಲರ್ ಅವರ ಗುಂಪು ಲಿನಕ್ಸಿನ ಹಲವು ವರ್ಷಗಳ ವರ್ಶನ್‌ಗಳ ಮೇಲೆ ತಮ್ಮದೇ ಚೆಕರ್‌ಗಳನ್ನು ಓಡಿಸಿತು. ಕರ್ನಲ್ಲಿನ ಬೇರೆ ಭಾಗಗಳಿಗಿಂತ ಡ್ರೈವರ್‌ಗಳಲ್ಲಿ ತಪ್ಪಿನ ಪ್ರಮಾಣ ಮೂರರಿಂದ ಏಳು ಪಟ್ಟು ಜಾಸ್ತಿ ಅಂತ ಕಂಡಿತು. ಅದೇ ಗುಂಪಿನಿಂದ ಮುಂದೆ ಕವೆರಿಟಿ ಕಂಪನಿ ಹುಟ್ಟಿತು. ಹತ್ತು ವರ್ಷ ಬಿಟ್ಟು, 2011ರಲ್ಲಿ, ಫ್ರಾನ್ಸಿನ ಇನ್ನೊಂದು ಗುಂಪು ಇದೇ ಲೆಕ್ಕವನ್ನು 2.6 ಕರ್ನಲ್‌ಗಳ ಮೇಲೆ ಮತ್ತೆ ಮಾಡಿತು. ಆಗ ಡ್ರೈವರ್‌ಗಳ ಪ್ರಮಾಣ ಇಳಿದಿತ್ತು, ಬೇರೆ ಬೇರೆ ಪ್ರೊಸೆಸರ್‌ಗಳ ಕೋಡ್ ಇರುವ ಆರ್ಚ್ ಫೋಲ್ಡರ್ ಅದನ್ನು ಮೀರಿಸಿತ್ತು. ಆದರೆ ಇದೆಲ್ಲ ಮೇನ್‌ಲೈನಿನ ಮಾತು. ಕಂಪನಿಯ ಒಳಗೇ ಇರುವ, ಹೊರಗಿನವರು ಯಾರೂ ಓದದ ನಿಮ್ಮಂಥ ಡ್ರೈವರುಗಳಿಗೆ ಆ ಸಮಾಧಾನ ಇಲ್ಲ.

ಈಗ ನಿಮ್ಮ ನಾನೂರಕ್ಕೆ ಬರೋಣ. ಮೊದಲ ಕೆಲಸ ಎಣಿಸುವುದಲ್ಲ, ಜಾತಿ ಪ್ರಕಾರ ಬೇರೆ ಮಾಡುವುದು. ಯಾವ ಟೂಲ್ ಹೇಳಿದೆ, ಯಾವ ಚೆಕ್ ಹೇಳಿದೆ ಅನ್ನುವುದರ ಮೇಲೆ ವಾರ್ನಿಂಗಿನ ತೂಕ ನಿಂತಿದೆ.

ಸ್ಪಾರ್ಸ್ ಅನ್ನು ಲಿನಸ್ 2003ರಲ್ಲಿ ಬರೆದಿದ್ದು. ಅದು ಬಗ್ ಹುಡುಕುತ್ತದೆ ಅನ್ನುವುದಕ್ಕಿಂತ ಟೈಪ್ ಚೆಕ್ ಮಾಡುತ್ತದೆ ಅನ್ನುವುದು ಸರಿ. ಸಿ ಭಾಷೆಗೆ ಗೊತ್ತಿಲ್ಲದ ವ್ಯತ್ಯಾಸಗಳನ್ನು ನಾವು ಗುರುತು ಹಾಕಿ ಹೇಳಬೇಕು. ಯೂಸರ್ ಪ್ರೋಗ್ರಾಮಿನಿಂದ ಬಂದ ಪಾಯಿಂಟರಿಗೆ '__ಯೂಸರ್', ಡಿವೈಸ್ ರಿಜಿಸ್ಟರಿನ ಪಾಯಿಂಟರಿಗೆ '__ಐಓಮೆಮ್', ಲಿಟಲ್ ಎಂಡಿಯನ್ (ಚಿಕ್ಕ ಬೈಟ್ ಮೊದಲು ಬರುವ; ಬಿಗ್ ಎಂಡಿಯನ್ ಇದರ ಉಲ್ಟಾ) 32 ಬಿಟ್ಟಿಗೆ '__ಎಲ್‌ಇ32', ಹೀಗೆ. ಗುರುತು ಇದ್ದಲ್ಲಿ ಸ್ಪಾರ್ಸ್ ಹೇಳುವುದು ಹೆಚ್ಚಿನ ಸಲ ನಿಜ. 'ಅಡ್ರೆಸ್ ಸ್ಪೇಸ್ ಬೇರೆ' ಅನ್ನುವ ವಾರ್ನಿಂಗ್ ನಿಮ್ಮ ಐಆಕ್ಟಲ್ ಕೋಡಿನಲ್ಲಿ (ಯೂಸರ್ ಪ್ರೋಗ್ರಾಮ್ ಡ್ರೈವರಿಗೆ ಕಮಾಂಡ್ ಕಳಿಸುವ ಬಾಗಿಲು) ಬಂದಿದ್ದರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ನೋಡಿ. ಯೂಸರ್ ಪಾಯಿಂಟರನ್ನು 'ಕಾಪಿ ಫ್ರಮ್ ಯೂಸರ್' ಇಲ್ಲದೆ ನೇರವಾಗಿ ಓದುತ್ತಿದ್ದೀರಿ ಅಂದರೆ ಅದು ಸೆಕ್ಯುರಿಟಿ ರಂಧ್ರ, ಯಾವ ಚರ್ಚೆಯೂ ಬೇಡ. ಎಂಡಿಯನ್ ವಾರ್ನಿಂಗ್‌ಗಳು ಸ್ವಲ್ಪ ಬೇರೆ. ನಿಮ್ಮ ಬೋರ್ಡೂ ಡಿವೈಸೂ ಎರಡೂ ಲಿಟಲ್ ಎಂಡಿಯನ್ ಆಗಿದ್ದರೆ ಏನೂ ಕೆಡುವುದಿಲ್ಲ. ಆದರೆ ಬಹಳಷ್ಟು ಐಟುಸಿ ಸೆನ್ಸರ್‌ಗಳು 16 ಬಿಟ್ ರೀಡಿಂಗನ್ನು ಬಿಗ್ ಎಂಡಿಯನ್ ಕ್ರಮದಲ್ಲಿ ಕಳಿಸುತ್ತವೆ, ಅಲ್ಲಿ ಈ ವಾರ್ನಿಂಗ್ ಚಿನ್ನ.

ಇದರಲ್ಲಿ ಒಂದು ಕೆಟ್ಟ ಚಾಳಿ ಇದೆ. '__ಫೋರ್ಸ್' ಅಂತ ಒಂದು ಕಾಸ್ಟ್ (ಟೈಪನ್ನು ಬಲವಂತವಾಗಿ ಬದಲಿಸುವುದು) ಹಾಕಿದರೆ ಸ್ಪಾರ್ಸ್ ಸುಮ್ಮನಾಗುತ್ತದೆ. ಪ್ಯಾಚ್ ರಿವ್ಯೂನಲ್ಲಿ ಆ ಪದ ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ. ಯಾಕೆ ಬೇಕು ಅಂತ ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಇಲ್ಲದಿದ್ದರೆ ವಾಪಸ್. ಇನ್ನು 'ಈ ಸಿಂಬಲ್ ಸ್ಟ್ಯಾಟಿಕ್ ಆಗಬೇಕಿತ್ತೇ?' (ಈ ಹೆಸರು ಈ ಫೈಲಿನೊಳಗೇ ಇದ್ದರೆ ಸಾಕಲ್ಲವೇ) ಅನ್ನುವವು ನಿಮ್ಮಲ್ಲಿ ಬಹುಶಃ ನೂರಾದರೂ ಇರುತ್ತವೆ. ಅವು ಕಸವಲ್ಲ, ತುರ್ತೂ ಅಲ್ಲ. ಬಿಡುವಿದ್ದಾಗ ಒಂದೇ ಪ್ಯಾಚಿನಲ್ಲಿ ಮುಗಿಸಿ, ಮ್ಯಾನೇಜರಿಗೂ ಸಂಖ್ಯೆ ಇಳಿದ ಖುಷಿ ಸಿಗಲಿ.

ಸ್ಮ್ಯಾಚ್ ವಿಷಯ ಬೇರೆ. ಡ್ಯಾನ್ ಕಾರ್ಪೆಂಟರ್ ಬರೆದ ಟೂಲ್, ಸ್ಪಾರ್ಸಿನ ಪಾರ್ಸರ್ ಮೇಲೇ ಕಟ್ಟಿದ್ದು, ಆದರೆ ಇದು ಕೋಡಿನ ಓಟವನ್ನು ಹಿಂಬಾಲಿಸುತ್ತದೆ. ಈ ಇಫ್ ಒಳಗೆ ಹೋದರೆ ಈ ವೇರಿಯಬಲ್ಲಿನ ಬೆಲೆ ಇಷ್ಟರಿಂದ ಇಷ್ಟರೊಳಗೆ, ಈ ಲಾಕ್ ಹಿಡಿದಿದೆ, ಈ ಪಾಯಿಂಟರ್ ನಲ್ (ಎಲ್ಲಿಗೂ ತೋರಿಸದ ಖಾಲಿ) ಇರಬಹುದು, ಹೀಗೆ ಲೆಕ್ಕ ಇಡುತ್ತಾ ಹೋಗುತ್ತದೆ. ನೀವು ಬಹುಶಃ ಡೇಟಾಬೇಸ್ ಕಟ್ಟದೆ ಓಡಿಸಿದ್ದೀರಿ ಅಂತ ನನ್ನ ಊಹೆ, ಯಾಕೆಂದರೆ ಎಲ್ಲರೂ ಮೊದಲು ಹಾಗೇ ಮಾಡುತ್ತಾರೆ. ಡೇಟಾಬೇಸ್ ಇಲ್ಲದಿದ್ದರೆ ಸ್ಮ್ಯಾಚ್‌ಗೆ ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ ಏನಾಗುತ್ತದೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಅದರ ಜೊತೆಗೇ ಬರುವ ಸ್ಕ್ರಿಪ್ಟ್ ಇಡೀ ಕರ್ನಲ್ಲನ್ನು ಓದಿ ಡೇಟಾಬೇಸ್ ಕಟ್ಟುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಹೋಗಿ. ಇನ್ನೊಂದು ವಿಷಯ: ಪ್ರತಿ ಸಲ ಕಟ್ಟಿದಾಗ ಮಾಹಿತಿ ಕರೆಗಳ ಸರಪಳಿಯಲ್ಲಿ ಒಂದು ಮೆಟ್ಟಿಲು ಮಾತ್ರ ಮುಂದೆ ಹೋಗುತ್ತದೆ. ಹಾಗಾಗಿ ಹಲವು ಸಲ ಕಟ್ಟಿದರೆ ಉತ್ತರ ಚೆನ್ನಾಗಾಗುತ್ತದೆ. ಸ್ಪಿನ್‌ಲಾಕ್ (ಹಿಡಿದಿರುವಾಗ ನಿದ್ದೆ ಹೋಗಬಾರದ ಲಾಕ್) ಹಿಡಿದುಕೊಂಡು ಮೂರು ಫಂಕ್ಷನ್ ಆಚೆ ನಿದ್ದೆ ಹೋಗುವಂಥ ಅಲೊಕೇಶನ್ ಮಾಡುವ ಬಗ್ ಇದೆಯಲ್ಲ, ಅದು ಸಿಗುವುದು ಹೀಗೇ.

ಸ್ಮ್ಯಾಚ್‌ನ ವಾರ್ನಿಂಗ್‌ಗಳಲ್ಲಿ ನನಗೆ ತುಂಬ ಇಷ್ಟವಾದದ್ದು 'ಚೆಕ್ ಮಾಡುವ ಮುಂಚೆಯೇ ಡಿರೆಫರೆನ್ಸ್'. ನೋಡಲು ಇದು ಸಪ್ಪೆ. ಪಾಯಿಂಟರನ್ನು ಮೊದಲು ಬಳಸಿದ್ದಾರೆ, ಆಮೇಲೆ ನಲ್ ಇದೆಯಾ ಅಂತ ಕೇಳಿದ್ದಾರೆ, ಅಷ್ಟೇ. ಇದು ಏನು ಮಾಡಬಲ್ಲದು ಅನ್ನುವುದಕ್ಕೆ 2009ರ ಟನ್ (ವರ್ಚುವಲ್ ನೆಟ್‌ವರ್ಕಿನ) ಡ್ರೈವರ್ ಕತೆ ಕೇಳಿ. 2.6.30 ಕರ್ನಲ್ಲಿನಲ್ಲಿ ಆ ಡ್ರೈವರಿನ ಪೋಲ್ ಫಂಕ್ಷನ್ನಿಗೆ ಒಂದು ಸಾಲು ಸೇರಿತ್ತು: ಟನ್ ಅನ್ನುವ ಪಾಯಿಂಟರಿನೊಳಗಿಂದ ಸಾಕೆಟ್ ಪಾಯಿಂಟರನ್ನು ತೆಗೆದಿಟ್ಟುಕೊಳ್ಳುವ ಸಾಲು. ಅದರ ಕೆಳಗೆ ಮೊದಲಿಂದಲೂ ಇದ್ದ ಚೆಕ್: ಟನ್ ನಲ್ ಆಗಿದ್ದರೆ ಎರರ್ ಕೊಟ್ಟು ಹೊರಡು. ಓದುವವರಿಗೆ ಚೆಕ್ ಕಾಣುತ್ತದೆ, ಸಮಾಧಾನ. ಜಿಸಿಸಿ ಮಾತ್ರ ಬೇರೆ ಥರ ಯೋಚಿಸಿತು. ಮೇಲೆ ಈಗಾಗಲೇ ಡಿರೆಫರೆನ್ಸ್ ಮಾಡಿದ್ದೀರಿ, ನಲ್ ಪಾಯಿಂಟರನ್ನು ಡಿರೆಫರೆನ್ಸ್ ಮಾಡುವುದು ಸಿ ಭಾಷೆಯಲ್ಲಿ ನಿಯಮಬಾಹಿರ, ಆದ್ದರಿಂದ ಇದು ನಲ್ ಆಗಿರಲು ಸಾಧ್ಯವೇ ಇಲ್ಲ, ಆದ್ದರಿಂದ ಕೆಳಗಿನ ಚೆಕ್ ಬೇಡ. ತೆಗೆದುಹಾಕಿತು. ಸೋರ್ಸಿನಲ್ಲಿ ಚೆಕ್ ಇದೆ, ಬೈನರಿಯಲ್ಲಿ ಇಲ್ಲ! ಮೆಮರಿಯ ಸೊನ್ನೆಯ ಪುಟವನ್ನು ಮ್ಯಾಪ್ ಮಾಡಲು ಸಾಧ್ಯವಾದ ಮೆಶಿನ್‌ಗಳಲ್ಲಿ ಸಾಮಾನ್ಯ ಯೂಸರ್ ಒಬ್ಬ ಇದರಿಂದ ರೂಟ್ ಆಗಬಹುದಿತ್ತು. ಅಂಥ ಎಕ್ಸ್‌ಪ್ಲಾಯ್ಟ್ ಬಹಿರಂಗವಾಗಿ ಬಂತು ಕೂಡ. ಡ್ರೈವರಿನಲ್ಲಿ ಆ ಸಾಲನ್ನು ಚೆಕ್‌ನ ಕೆಳಗೆ ಇಳಿಸಿದರು. ಇಂಥ ನಲ್ ಚೆಕ್‌ಗಳನ್ನು ಅಳಿಸಬೇಡ ಅಂತ ಜಿಸಿಸಿಗೆ ಹೇಳುವ ಆಪ್ಷನ್ನನ್ನು ಇಡೀ ಕರ್ನಲ್ ಬಿಲ್ಡಿಗೇ ಸೇರಿಸಿದರು. ಇವತ್ತಿಗೂ ಅದು ಅಲ್ಲಿದೆ.

ಇಂಥ ವಾರ್ನಿಂಗ್ ಬಂದಾಗ ಎರಡು ಸಾಧ್ಯತೆ ಇರುತ್ತದೆ. ಪಾಯಿಂಟರ್ ನಿಜವಾಗಿ ನಲ್ ಆಗಬಹುದು, ಆಗ ಬಳಕೆಯನ್ನು ಚೆಕ್‌ನ ಕೆಳಗೆ ಇಳಿಸಬೇಕು. ಅಥವಾ ಎಂದೂ ನಲ್ ಆಗುವುದಿಲ್ಲ, ಆಗ ಚೆಕ್ ಅನ್ನೇ ತೆಗೆಯಬೇಕು. ಯಾವುದು ಅಂತ ಟೂಲ್ ಹೇಳುವುದಿಲ್ಲ. ಈ ಫಂಕ್ಷನ್ನನ್ನು ಕರೆಯುವವರನ್ನೆಲ್ಲ ಓದಿದ ಮೇಲೆ ನೀವು ಹೇಳಬೇಕು. ಸ್ಟ್ಯಾಟಿಕ್ ಅನಾಲಿಸಿಸ್ ಕೆಲಸದ ನಿಜವಾದ ಶ್ರಮ ಇರುವುದು ಇಲ್ಲಿ, ಟೂಲ್ ಓಡಿಸುವುದರಲ್ಲಲ್ಲ.

ಇನ್ನೊಂದು ಗುಂಪು ನಿಮ್ಮ ಪಟ್ಟಿಯಲ್ಲಿ ಖಂಡಿತ ಇರುತ್ತದೆ: ಎರರ್ ಪಾಯಿಂಟರ್ ಮತ್ತು ನಲ್ ಗೊಂದಲ. ಕರ್ನಲ್ಲಿನ ಕೆಲವು ಫಂಕ್ಷನ್‌ಗಳು ಸೋತಾಗ ನಲ್ ಕೊಡುತ್ತವೆ. ಇನ್ನು ಕೆಲವು ಎರರ್ ಸಂಖ್ಯೆಯನ್ನೇ ಪಾಯಿಂಟರಿನ ವೇಷ ಹಾಕಿ ಕೊಡುತ್ತವೆ, ಅಡ್ರೆಸ್‌ಗಳ ತುತ್ತತುದಿಯ 4095 ಬೆಲೆಗಳನ್ನು ಅದಕ್ಕೆಂದೇ ಇಟ್ಟಿದ್ದಾರೆ. 'ಡೆವ್‌ಎಂ ಐಓರಿಮ್ಯಾಪ್' ನಲ್ ಕೊಡುತ್ತದೆ. ಅದರ ತಮ್ಮ 'ಡೆವ್‌ಎಂ ಐಓರಿಮ್ಯಾಪ್ ರಿಸೋರ್ಸ್' ಎರರ್ ಪಾಯಿಂಟರ್ ಕೊಡುತ್ತದೆ. ಹೆಸರು ಹೆಚ್ಚುಕಡಿಮೆ ಒಂದೇ, ಚೆಕ್ ಮಾಡುವ ರೀತಿ ಪೂರ್ತಿ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಚೆಕ್ ಬದಲಿಸಲು ಮರೆತರೆ, ಆ ಚೆಕ್ ಇದ್ದೂ ಸತ್ತ ಹಾಗೆ. ಸಾಮಾನ್ಯ ಕಂಪೈಲರಿಗೆ ಇದು ತಿಳಿಯುವುದೇ ಇಲ್ಲ, ಎರಡೂ ಪಾಯಿಂಟರ್ ತಾನೆ. ಸ್ಮ್ಯಾಚ್‌ಗೆ ತಿಳಿಯುತ್ತದೆ, ಮತ್ತು ಈ ಗುಂಪಿನಲ್ಲಿ ಅದರ ಮಾತು ಬಹಳ ಸಲ ಸರಿ. ಲಾಕ್ ಬಗ್ಗೆ 'ಇನ್‌ಕನ್ಸಿಸ್ಟೆಂಟ್ ರಿಟರ್ನ್ಸ್' ಅಂತ ಬಂದರೂ ಹಾಗೇ. ಒಂದು ದಾರಿಯಲ್ಲಿ ಲಾಕ್ ಬಿಟ್ಟು ಹೊರಬಂದಿದ್ದೀರಿ, ಇನ್ನೊಂದರಲ್ಲಿ ಹಿಡಿದುಕೊಂಡೇ ಬಂದಿದ್ದೀರಿ ಅಂತ ಅರ್ಥ. ಬೇಕಂತಲೇ ಹಾಗೆ ಬರೆದ ಫಂಕ್ಷನ್‌ಗಳೂ ಇವೆ, ಆದರೆ ಸೆನ್ಸರ್ ಡ್ರೈವರಿನಲ್ಲಿ ಅದಕ್ಕೆ ಕೆಲಸವಿಲ್ಲ.

ಸುಳ್ಳು ವಾರ್ನಿಂಗ್ ಬಗ್ಗೆಯೂ ಒಂದು ಮಾತು. 'ಈ ರಿಜಿಸ್ಟರ್ 0ರಿಂದ 3ರೊಳಗಿನ ಬೆಲೆಯನ್ನೇ ಕೊಡುತ್ತದೆ, ಆದ್ದರಿಂದ ನಾಲ್ಕು ಅಂಕಣದ ಅರೇ ಮೀರುವುದಿಲ್ಲ, ಟೂಲಿಗೆ ಹಾರ್ಡ್‌ವೇರ್ ಗೊತ್ತಿಲ್ಲ' ಅಂತ ನಿಮ್ಮ ಹಿರಿಯರು ಹೇಳಿದರೆ ಅದು ಒಪ್ಪುವ ಮಾತು, ಚಿಪ್ಪಿನ ಒಳಗೇ ಇರುವ ರಿಜಿಸ್ಟರ್ ಆಗಿದ್ದರೆ. ಅದೇ ಸಂಖ್ಯೆ ಯುಎಸ್‌ಬಿ ಡಿವೈಸಿನ ಡಿಸ್ಕ್ರಿಪ್ಟರಿನಿಂದ ಬಂದಿದ್ದರೆ ಒಪ್ಪಬೇಡಿ. ಯಾರು ಏನನ್ನು ಚುಚ್ಚುತ್ತಾರೋ ಗೊತ್ತಿಲ್ಲ, ಬೇಕಂತಲೇ ತಪ್ಪು ಸಂಖ್ಯೆ ಕಳಿಸುವ ಡಿವೈಸ್ ಮಾಡುವುದು ಇವತ್ತು ಕಷ್ಟವೇನಲ್ಲ. ಹಾಗಾಗಿ ಸುಳ್ಳು ಅಂತ ತಳ್ಳುವ ಮುಂಚೆ ಈ ಬೆಲೆ ಎಲ್ಲಿಂದ ಬಂತು ಅಂತ ಕೇಳಿ. ತಳ್ಳಿದರೆ ಯಾಕೆ ಅಂತ ಒಂದು ಸಾಲು ಬರೆದಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಬರುವ ಹೊಸ ಹುಡುಗ ಅದನ್ನೇ ಮತ್ತೆ ಹಿಡಿದು 'ಸರಿ' ಮಾಡುತ್ತಾನೆ.

ಮೂರನೆಯ ಟೂಲ್ ನೀವು ಹೇಳಲಿಲ್ಲ, ಕಾಕ್ಸಿನೆಲ್. ಫ್ರಾನ್ಸಿನ ಸಂಶೋಧನಾ ಸಂಸ್ಥೆ ಇನ್ರಿಯಾದ ಜೂಲಿಯಾ ಲಾವಲ್ ಮತ್ತು ಜೊತೆಗಾರರದು, ನಾನು ಮೇಲೆ ಹೇಳಿದ 2011ರ ಲೆಕ್ಕ ಮಾಡಿದವರಲ್ಲಿ ಅವರೂ ಇದ್ದರು. ಇದರ ರುಚಿ ಬೇರೆ. ಪ್ಯಾಚಿನ ಹಾಗೇ ಕಾಣುವ ಒಂದು ನಿಯಮ ಬರೆದರೆ, ಮೈನಸ್ ಸಾಲು ಪ್ಲಸ್ ಸಾಲು ಸಮೇತ, ಇಡೀ ಕರ್ನಲ್ಲಿನಲ್ಲಿ ಆ ಆಕಾರದ ಕೋಡ್ ಎಲ್ಲಿದ್ದರೂ ಹುಡುಕಿ ಬದಲಿಸಿಯೂ ಕೊಡುತ್ತದೆ. ಪ್ರಿಪ್ರೊಸೆಸರಿಗೆ ಮುಂಚಿನ ಕೋಡನ್ನೇ ಓದುವುದರಿಂದ ಮ್ಯಾಕ್ರೋಗಳೂ ಅದಕ್ಕೆ ಕಾಣುತ್ತವೆ. ಕರ್ನಲ್ಲಿನ ಜೊತೆಗೇ ಒಂದಿಷ್ಟು ನಿಯಮಗಳು ಬರುತ್ತವೆ, 'ಮೇಕ್ ಕಾಕ್ಸಿಚೆಕ್' ಅಂದರೆ ಓಡುತ್ತವೆ. ರಿಪೋರ್ಟ್ ಮೋಡಿನಲ್ಲಿ ಓಡಿಸಿ, ನಿಮ್ಮ ಡ್ರೈವರ್ ಫೋಲ್ಡರ್ ಮಾತ್ರ ಕೊಡಿ. ನಿಮ್ಮ ಟೀಮಿನಲ್ಲಿ ಒಂದು ಬಗ್ ಸಿಕ್ಕಿ ರಿಪೇರಿಯಾದ ತಕ್ಷಣ, ಅದೇ ಆಕಾರದ ಬಗ್ ಬೇರೆ ಡ್ರೈವರಿನಲ್ಲೂ ಇದೆಯಾ ಅಂತ ಹತ್ತು ಸಾಲಿನ ನಿಯಮ ಬರೆದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಾಪಿ ಪೇಸ್ಟ್ ಮಾಡಿದ ಡ್ರೈವರುಗಳಲ್ಲಿ ಬಗ್ಗೂ ಕಾಪಿ ಆಗಿರುತ್ತದೆ, ಅಲ್ವಾ.

ಆದರೆ ಒಂದೇ ಆಕಾರ ಅಂತ ಒಂದೇ ಮದ್ದು ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಕರ್ನಲ್ಲಿನಲ್ಲೇ ಉದಾಹರಣೆ ಇದೆ. ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟಿನಲ್ಲಿ 'ಪಿಎಂ ರನ್‌ಟೈಮ್ ಗೆಟ್ ಸಿಂಕ್' ಅಂತ ಫಂಕ್ಷನ್ ಇದೆ. ಅದು ಎರರ್ ಕೊಟ್ಟಾಗಲೂ ಒಳಗಿನ ಎಣಿಕೆಯನ್ನು (ಡಿವೈಸ್ ಎಷ್ಟು ಜನರ ಬಳಕೆಯಲ್ಲಿದೆ ಅನ್ನುವ ಲೆಕ್ಕ) ಒಂದು ಏರಿಸಿಯೇ ಬಿಟ್ಟಿರುತ್ತದೆ. ಬಹಳ ಜನ ಡ್ರೈವರ್ ಬರೆಯುವವರಿಗೆ ಇದು ಗೊತ್ತಿರಲಿಲ್ಲ, ಎರರ್ ಬಂದರೆ ನೇರ ರಿಟರ್ನ್ ಮಾಡಿ ಎಣಿಕೆ ಸೋರಿಸುತ್ತಿದ್ದರು. 2020ರಲ್ಲಿ ಟೂಲ್ ಹಿಡಿದವರಿಂದ ಇದನ್ನು ಸರಿಮಾಡುವ ಪ್ಯಾಚ್‌ಗಳ ಮಳೆ ಸುರಿಯಿತು. ಆ ವರ್ಷದ ಕೊನೆಯಲ್ಲಿ 'ರೆಸ್ಯೂಮ್ ಅಂಡ್ ಗೆಟ್' ಅಂತ, ಎರರ್ ಆದರೆ ಎಣಿಕೆಯನ್ನು ತಾನೇ ಇಳಿಸುವ ಹೊಸ ಫಂಕ್ಷನ್ ಬಂತು. ಈಗ ಯೋಚಿಸಿ, ಇವೆರಡರ ವ್ಯತ್ಯಾಸ ನೋಡದೆ ಹೊಸ ಫಂಕ್ಷನ್ ಇರುವಲ್ಲೂ ಒಂದು ಪುಟ್ (ಎಣಿಕೆ ಇಳಿಸುವ ಕರೆ) ಸೇರಿಸಿದರೆ ಎಣಿಕೆ ಎರಡು ಸಲ ಇಳಿಯುತ್ತದೆ. ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆ ಅಂತ ಹೇಳುವ ಪಟ್ಟಿ) ನೋಡ್‌ಗಳ ರೆಫರೆನ್ಸ್ ಎಣಿಕೆಯ ಕತೆಯೂ ಇದೇ. ಲೂಪಿನ ಮಧ್ಯೆ ಬ್ರೇಕ್ ಮಾಡಿದರೆ ಪುಟ್ ಮಾಡಬೇಕು, ಆದರೆ ಆ ನೋಡನ್ನು ಮುಂದೆ ಬಳಸಲು ಎಲ್ಲಾದರೂ ಎತ್ತಿಟ್ಟುಕೊಂಡಿದ್ದರೆ ಅಲ್ಲಿ ಪುಟ್ ಮಾಡಬಾರದು. ಸೋರಿಕೆ ಅಂದರೆ ಸ್ವಲ್ಪ ಮೆಮರಿ ಹೋಗುತ್ತದೆ, ಹೋಗಲಿ ಬಿಡಿ. ನೋಡಿಗೆ ಎರಡು ಸಲ ಪುಟ್ ಅಂದರೆ ಫ್ರೀ ಆದ ಮೆಮರಿಯ ಬಳಕೆ. ಸಣ್ಣ ಬಗ್ ಕೊಟ್ಟು ದೊಡ್ಡದನ್ನು ಕೊಂಡ ವ್ಯಾಪಾರ.

ನಡುವೆ ಒಂದು ವಿಷಯ, ನೀವು ಬೆಂಗಳೂರಿನವರು ಅಂತ ಹೇಳುತ್ತೇನೆ. ಇದೆಲ್ಲ ಲಿನಕ್ಸಿನ ಕತೆ ಮಾತ್ರ ಅಲ್ಲ. ವಿಂಡೋಸಿನಲ್ಲಿ ಡ್ರೈವರ್‌ಗಳನ್ನು ಪರೀಕ್ಷಿಸುತ್ತಿದ್ದ ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್ ಹುಟ್ಟಿದ್ದು ಮೈಕ್ರೋಸಾಫ್ಟ್ ರಿಸರ್ಚಿನ ಸ್ಲ್ಯಾಮ್ ಯೋಜನೆಯಿಂದ. ಅದನ್ನು ಕಟ್ಟಿದ ಇಬ್ಬರು ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ. ರಾಜಮಣಿ ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾಕ್ಕೆ ಬಂದು ಅದರ ಮುಖ್ಯಸ್ಥರೂ ಆದರು. ಲಾಕ್ ಹಿಡಿದವನು ಬಿಡಲೇಬೇಕು ಅನ್ನುವಂಥ ನಿಯಮಗಳನ್ನು ಡ್ರೈವರ್ ಮುರಿಯುವುದಿಲ್ಲ ಅಂತ ಸಾಬೀತು ಮಾಡಲು ನೋಡುವುದು ಅವರ ದಾರಿ. ಲಿನಕ್ಸಿನವರದು ಸಿಕ್ಕಷ್ಟು ಬಗ್ ಹಿಡಿಯುವ ದಾರಿ. ಎರಡನೆಯದರಲ್ಲಿ ವಾರ್ನಿಂಗ್ ಬರಲಿಲ್ಲ ಅಂದರೆ ಬಗ್ ಇಲ್ಲ ಅಂತ ಅರ್ಥವೇ ಅಲ್ಲ. ಸೊನ್ನೆಯ ಬಗ್ಗೆ ನನ್ನ ತಕರಾರಿಗೆ ಇದೂ ಒಂದು ಕಾರಣ.

ಸರಿ, ನಿಮ್ಮ ಆಫೀಸಿನಲ್ಲಿ ಏನು ಮಾಡಬೇಕು? ಇವತ್ತಿನ ನಾನೂರನ್ನು ಒಂದು ಫೈಲಿನಲ್ಲಿ ಉಳಿಸಿ, ಹಳೆಯದು ಅಂತ ಬರೆದಿಡಿ. ನಾಳೆಯಿಂದ ಬರುವ ಪ್ರತಿ ಪ್ಯಾಚಿಗೆ ಟೂಲ್ ಓಡಲಿ, ಹಳೆಯ ಪಟ್ಟಿಯಲ್ಲಿ ಇಲ್ಲದ ವಾರ್ನಿಂಗ್ ಬಂದರೆ ಪ್ಯಾಚ್ ನಿಲ್ಲಲಿ. ಸೊನ್ನೆ ಅನ್ನುವ ಗುರಿ ಹೊಸ ಕೋಡಿಗೆ ಒಳ್ಳೆಯದೇ, ಯಾಕೆಂದರೆ ಬರೆದವರಿಗೆ ಯಾಕೆ ಹಾಗೆ ಬರೆದೆ ಅಂತ ಇನ್ನೂ ನೆನಪಿರುತ್ತದೆ. ಮೇಕ್ ಕಮಾಂಡಿಗೆ 'ಸಿ=1' ಕೊಟ್ಟರೆ ಮತ್ತೆ ಕಂಪೈಲ್ ಆಗುವ ಫೈಲುಗಳನ್ನು ಮಾತ್ರ ನೋಡುತ್ತದೆ, 'ಸಿ=2' ಕೊಟ್ಟರೆ ಎಲ್ಲವನ್ನೂ. ದಿನನಿತ್ಯಕ್ಕೆ 1 ಸಾಕು. ಅದರ ಜೊತೆ 'ಡಬ್ಲ್ಯೂ=1' ಕೂಡ ಹಾಕಿಕೊಳ್ಳಿ, ಕಂಪೈಲರೇ ಒಂದಿಷ್ಟು ಜಾಸ್ತಿ ಹೇಳುತ್ತದೆ. ವಾರ್ನಿಂಗನ್ನೆಲ್ಲ ಎರರ್ ಮಾಡುವ ಕಾನ್ಫಿಗ್ ಆಪ್ಷನ್ 2021ರಲ್ಲಿ 5.15ಕ್ಕೆ ಬಂತು. ನಿಮ್ಮ ಕರ್ನಲ್ ಅದಕ್ಕಿಂತ ಹಳೆಯದಾದರೆ ಆ ಯೋಚನೆ ಬಿಡಿ. ಹೊಸ ಕಂಪೈಲರ್ ಹಾಕಿದ ದಿನ ಬಿಲ್ಡೇ ನಿಂತುಹೋಗುವ ತಲೆನೋವೂ ಅದರ ಜೊತೆಗೆ ಬರುತ್ತದೆ.

ವೆಂಡರ್ ಕೊಟ್ಟ ಹಳೆಯ ಕರ್ನಲ್ ಮೇಲೆ ನೀವು ಕೂತಿದ್ದರೆ, ಬೆಂಗಳೂರಿನ ಅರ್ಧ ಎಂಬೆಡೆಡ್ ಜಗತ್ತು ಹಾಗೇ ಕೂತಿದೆ ಬಿಡಿ, ನಿಮ್ಮದಲ್ಲದ ಫೈಲುಗಳಲ್ಲಿ ಬಂದ ವಾರ್ನಿಂಗನ್ನು ಕೈಯಿಂದ ಸರಿಮಾಡಲು ಹೋಗಬೇಡಿ. ಮೇನ್‌ಲೈನಿನಲ್ಲಿ ಆ ಫೈಲಿನ ಹಿಸ್ಟರಿ ನೋಡಿ. ಹತ್ತಕ್ಕೆ ಏಳೆಂಟು ಸಲ ಯಾರೋ ಆಗಲೇ ಸರಿಮಾಡಿರುತ್ತಾರೆ, ಮೇಂಟೇನರ್ (ಆ ಭಾಗದ ಕೋಡ್ ನೋಡಿಕೊಳ್ಳುವವರು) ರಿವ್ಯೂ ಮಾಡಿರುತ್ತಾರೆ, ಸ್ಟೇಬಲ್ ಕರ್ನಲ್ಲಿಗೂ ಹೋಗಿರುತ್ತದೆ. ಅದನ್ನೇ ಎತ್ತಿಕೊಳ್ಳಿ.

ಕೊನೆಗೆ ಮೇನ್‌ಲೈನಿಗೆ ಪ್ಯಾಚ್ ಕಳಿಸುವ ಪ್ರಶ್ನೆ. ಶುರು ಮಾಡಬಹುದು, ಬಹಳ ಜನ ಹಾಗೇ ಶುರು ಮಾಡಿದ್ದಾರೆ. ಆದರೆ ಮೇಂಟೇನರ್‌ಗಳಿಗೆ ಟೂಲ್ ಪ್ಯಾಚ್ ಅಂದರೆ ಈಗ ಸ್ವಲ್ಪ ಅಲರ್ಜಿ, ಅದಕ್ಕೆ ಕಾರಣವೂ ಇದೆ. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕಂತಲೇ ಬಗ್ ಇರುವ ಪ್ಯಾಚ್ ಕಳಿಸಿ ರಿವ್ಯೂ ಪರೀಕ್ಷೆ ಮಾಡಿದ್ದ ವಿಷಯ ಬಯಲಾಗಿತ್ತು. ಆಮೇಲೆ, 2021ರ ಏಪ್ರಿಲಿನಲ್ಲಿ, ಅಲ್ಲಿಂದಲೇ ಮತ್ತೆ ಅರ್ಥವಿಲ್ಲದ ಕೆಲವು ಪ್ಯಾಚ್‌ಗಳು ಬಂದವು. ಕಳಿಸಿದವರು ಇವು ಹೊಸ ಸ್ಟ್ಯಾಟಿಕ್ ಅನಲೈಸರಿನವು ಅಂದರು. ಸ್ಟೇಬಲ್ ಕರ್ನಲ್ಲಿನ ಮೇಂಟೇನರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ನಂಬಲಿಲ್ಲ, ಇಡೀ ವಿಶ್ವವಿದ್ಯಾಲಯದ ಪ್ಯಾಚ್‌ಗಳನ್ನೇ ನಿಲ್ಲಿಸಿದರು, ಹಳೆಯವನ್ನೂ ಮತ್ತೆ ಜಾಲಾಡಿದರು. ಆಮೇಲೆ ಸಂಶೋಧಕರಿಗೆ ಅಂತಲೇ ಒಂದು ಮಾರ್ಗಸೂಚಿ ಕರ್ನಲ್ ಡಾಕ್ಯುಮೆಂಟೇಶನ್ನಿಗೆ ಸೇರಿತು. ನೀವು ಸಂಶೋಧಕರಲ್ಲದಿದ್ದರೂ ಓದಿ, ಅದು ಕೇಳುವುದೆಲ್ಲ ನ್ಯಾಯವಾದದ್ದೇ. ಸಮಸ್ಯೆ ಏನು, ಓಡುತ್ತಿರುವ ಮೆಶಿನ್ನಿನಲ್ಲಿ ಅಲ್ಲಿಗೆ ತಲುಪುವುದು ಹೇಗೆ, ತಲುಪಿದರೆ ಏನಾಗುತ್ತದೆ, ಯಾವ ಟೂಲಿನಿಂದ ಸಿಕ್ಕಿತು, ನಿಮ್ಮ ಬದಲಾವಣೆ ಸರಿ ಅಂತ ಯಾಕೆ ನಂಬುತ್ತೀರಿ, ಟೆಸ್ಟ್ ಹೇಗೆ ಮಾಡಿದಿರಿ, ಯಾವ ಹಳೆಯ ಕಮಿಟ್ ಇದನ್ನು ತಂದಿತು. 'ಸ್ಮ್ಯಾಚ್ ವಾರ್ನಿಂಗ್ ಸರಿಮಾಡಿದೆ' ಅಂತ ಒಂದೇ ಸಾಲಿನ ಕಮಿಟ್ ಮೆಸೇಜ್ ಇದರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ಹಾರ್ಡ್‌ವೇರ್ ಇಲ್ಲದೆ ಬರೀ ಕಂಪೈಲ್ ಮಾಡಿ ನೋಡಿದ್ದರೆ ಅದನ್ನೂ ಬಾಯಿಬಿಟ್ಟು ಬರೆಯಿರಿ, ಯಾರೂ ಬೈಯುವುದಿಲ್ಲ. ಮುಚ್ಚಿಟ್ಟರೆ ಬೈಯುತ್ತಾರೆ. ಸುಮ್ನೆ ಚೆಕ್‌ಪ್ಯಾಚ್ ಓಡಿಸಿ ಸ್ಪೇಸು, ಬ್ರ್ಯಾಕೆಟ್ಟು ಸರಿಮಾಡುವ ಪ್ಯಾಚ್‌ಗಳನ್ನು ಸ್ಟೇಜಿಂಗ್ ಫೋಲ್ಡರ್ (ಇನ್ನೂ ಹದವಾಗದ ಡ್ರೈವರ್‌ಗಳ ಜಾಗ) ಬಿಟ್ಟು ಬೇರೆ ಕಡೆ ಕಳಿಸಬೇಡಿ, ಅದು ಸ್ಟೈಲ್ ನೋಡುವ ಸ್ಕ್ರಿಪ್ಟ್, ಬಗ್ ಹಿಡಿಯುವುದಲ್ಲ.

ಸೋಮವಾರ ಆಫೀಸಿಗೆ ಹೋದ ಮೇಲೆ ಮೊದಲು ಸ್ಪಾರ್ಸಿನ ಅಡ್ರೆಸ್ ಸ್ಪೇಸ್ ವಾರ್ನಿಂಗ್‌ಗಳನ್ನು ತೆಗೆಯಿರಿ. ಆಮೇಲೆ ಸ್ಮ್ಯಾಚ್‌ನ ಎರರ್ ಪಾಯಿಂಟರ್, ಮಿಸ್ಸಿಂಗ್ ಎರರ್ ಕೋಡ್, ಲಾಕ್ ಗುಂಪು. ಆಮೇಲೆ ಚೆಕ್‌ಗೆ ಮುಂಚಿನ ಡಿರೆಫರೆನ್ಸ್. ನಾನೂರರಲ್ಲಿ ಇವೆಲ್ಲ ಸೇರಿ ನಲವತ್ತು ಐವತ್ತು ಇದ್ದರೆ ಜಾಸ್ತಿ. ಒಂದೊಂದಕ್ಕೂ ಬೇರೆ ಬೇರೆ ಪ್ಯಾಚ್ ಮಾಡಿ, ರಿವ್ಯೂಗೆ ನಿಮ್ಮ ಆ ಹಿರಿಯರ ಹೆಸರನ್ನೇ ಹಾಕಿ. ಹಾರ್ಡ್‌ವೇರ್ ಗೊತ್ತಿರುವುದು ಅವರಿಗೆ, ಮತ್ತು ಅವರದೇ ಡ್ರೈವರಿನಲ್ಲಿ ಸತ್ತ ಎರರ್ ಚೆಕ್ ಒಂದನ್ನು ತೋರಿಸಿದರೆ 'ಎಲ್ಲ ಸುಳ್ಳು' ಅನ್ನುವ ಮಾತು ಅಲ್ಲಿಗೇ ನಿಲ್ಲುತ್ತದೆ.